ಸ್ಟಾಪರ್

ಹೆಸರು ಬರದು ಕೊಡ್ಲಾಕ ರಾತ್ರಿ ಹತ್ತೇ ಗಡುವು.
ಹದಿನೈದು ಬಿದ್ದಾವ. ಹದಿನಾರರ ಮುಂದ ಖಾಲಿ ಗೆರಿ.
ಶಹಾಬಾದಿನ ಹಳೀ ಪಾಲಿಶ್ ಕಾರಖಾನಿ ಹಿಂದ
ಹಗಲೆಲ್ಲ ಬಿಸಲು ಕುಡದು ಇನ್ನೂ ಆರದ ಫರ್ಸಿ ಮ್ಯಾಲ
ಖಣಿ ಇಲೆವೆನ್ ಕಮಿಟಿ ಕೂತದ.
ಹ್ವಾದ ವರ್ಷದ ಸ್ಕೋರ್ ಶೀಟಿನಾಗ ಮಿರ್ಚಿ;
ಎಣ್ಣಿ ಜಿನುಗಿದಷ್ಟೂ
ಐದು ಸೊನ್ನಿ ಚೊಕ್ಕ ಕಾಣಲಾಕತ್ಯದ.

ಮಾತು ಎಲಿಷಾನದು.
ವಾಡಿ ರೈಲ್ವೆ ಕಾಲನಿ ಹುಡುಗ, ಹತ್ತೊಂಬತ್ತು, ಆರು ಫೂಟು,
ಎಡಗಾಲಿನ ಚಿಪ್ಪಿನ ಮ್ಯಾಲ
ಸೊಲ್ಲಾಪುರದ ಡಾಕ್ಟರ್ ಹಾಕಿದ ಏಳು ಹೊಲಿಗಿ.
ಕಾಲಿಗಿಂತ ಕೆಟ್ಟದ್ದು ಹೆಸರು:
ಯಾದಗಿರಿ ಮ್ಯಾಚಿನಾಗ ರೆಫ್ರಿ ಸೀಟಿ ಕಸಗೊಂಡು
ಬಾವಿಗಿ ಒಗದಾನಂತ.
ಬಾವಿ ಅಲ್ಲ, ಗಟಾರು ಅಂತಾನ ಖಾಜಾ ಪಟೇಲ,
ಲೆಕ್ಕದ ಮನಷ್ಯಾ, ತಪ್ಪು ತಡಕೊಳ್ಳೂದಿಲ್ಲ.

"ಬ್ಯಾಡ" ಅಂದ್ರು ಭೀಮಾಶಂಕರ ಮಾಸ್ತರು.
"ಇಪ್ಪತ್ತು ವರ್ಷ ಡ್ರಿಲ್ ಮಾಡಿಸೀನಿ, ಕಾಲು ನೋಡಿ ಹೇಳ್ತೀನಿ:
ಎರಡು ಮ್ಯಾಚು. ಮೂರನೇದಕ್ಕ ಕುಂಟತಾನ.
ನಿಂಗಣ್ಣನ್ನ ತಗೋರಿ. ಒಂದು ದಿನಾ ಪ್ರ್ಯಾಕ್ಟೀಸ್ ತಪ್ಪಿಸಿಲ್ಲ."
"ಬಾಲ್ ಭೀ ಒಂದ್ ದಿನಾ ತಡದಿಲ್ಲ" ಅಂದ ಜಾಫರ.

ಮಾಣಿಕಪ್ಪ ಮುತ್ಯಾ, ನಲವತ್ತು ವರ್ಷ ಕಲ್ಲು ಸೀಳಿದ ಕೈ,
ಕೂತ ಫರ್ಸಿಯನ್ನೇ ಬೆರಳಿಲೆ ಬಡದ.
"ಟಣ್ ಅಂದ್ರ ಗಟ್ಟಿ. ದಬ್ ಅಂದ್ರ ಒಳಗ ಸೀಳು.
ಹುಡುಗ್ರನ್ನ ಹ್ಯಾಂಗ ಬಡದು ನೋಡೂದು?"
ಬಡದೇ ನೋಡ್ತೀವಲ್ಲ ದಿನಾ, ಅಂದೆ ನಾ.
ಯಾರಿಗೂ ಕೇಳಲಿಲ್ಲ.

ನಾನು ಗೋಲಿ. ಹದಿನಾಲ್ಕು ವರ್ಷಿಂದ ಎರಡು ಕಂಬದ ನಡುವ.
ಬ್ಯಾಕ್ ಎಂಥಾಂವ ಅಂತ ನಮಗ ಬೆನ್ನು ಹೇಳ್ತದ.
ನಿಂಗಣ್ಣನ ಬೆನ್ನು, ಪಾಪ, ಬಾಲ್ ಕಂಡ್ರ
ಬಾಗಲ ತಗದು ಒಳಗ ಬರ್ರಿ ಅಂತದ.
ಹ್ವಾದ ಆದಿತವಾರ ಹದಿನೈದು ನಿಮಿಷ ಎಲಿಷಾ ನಿಂತ.
ಬಾಲ್ ನನ್ನ ತನಕ ಬರಲೇ ಇಲ್ಲ.
ಗ್ಲೌಸ್ ಬಿಚ್ಚಿ ಮೀಸಿ ತಿದ್ದಿಕೊಂಡೆ.
ವಾಡಿ ಕಡಿಂದ ಗೂಡ್ಸ್ ಬಂತು,
ಐವತ್ತೆಂಟು ಡಬ್ಬಿ, ಪೂರಾ ಎಣಿಸಿದೆ.

ಆಟ ಮುಗದಮ್ಯಾಗ
ನೀರಿನ ಟಾಕಿ ಹಿಂದ ಒಬ್ಬನೇ ಕೂತಿದ್ದ,
ಮೊಣಕಾಲು ಎರಡೂ ಕೈಲಿ ಅಮುಕಿ,
ಬನಿಯನ್ ಅಂಚು ಹಲ್ಲಿನಾಗ ಕಚ್ಚಿ.
ನನ್ನ ಕಂಡು ಕಾಲು ಚಾಚಿದ, ನಕ್ಕ:
"ಇರುವಿ ಕಡೀತು ಅಣ್ಣಾ."

ಇದನ್ನ ಇವರಿಗೆ ಹೇಳಿಲ್ಲ ನಾನು.
ಹೇಳಿದ್ರ ನಿಂಗಣ್ಣ. ಹೇಳದಿದ್ರ ಆ ಕಾಲು.
ಒಂದು ತಾಸಿಂದ ಎಲ್ಲಾರೂ ರಿಸ್ಕು ರಿಸ್ಕು ಅಂತಾರ,
ಕಪ್ಪಿನ ರಿಸ್ಕು, ರೊಕ್ಕದ ರಿಸ್ಕು, ಕ್ಲಬ್ಬಿನ ಮಾನದ ರಿಸ್ಕು.
ಕಾಲು ಯಾರದು ಅಂತ ಒಬ್ಬರೂ ಕೇಳಿಲ್ಲ.
ನಾಳಿ ಅದು ಹರದ್ರ
ಗೂಡ್ಸ್ ಶೆಡ್ಡಿನಾಗ ಸಿಮೆಂಟ್ ಚೀಲ
ಯಾವ ಕಾಲಿನ ಮ್ಯಾಲ ಹೊರ್ತಾನ ಅಂತ.

ಹತ್ತಕ್ಕ ಐದು ಕಮ್ಮಿ.
"ನೀ ಏನಂತಿ ಗೋಲಿ?"
ಇರುವಿ ವಿಷಯ ಹೇಳಿದೆ. ಪೂರಾ.
ನಾ ಹೇಳಿದ್ದಿಲ್ಲ? ಅಂತ ಮಾಸ್ತರು ಮೊಣಕಾಲು ತಟ್ಟಿಕೊಂಡ್ರು,
ತಮ್ಮವು, ಗಟ್ಟಿ ಇದ್ದವು.
"ಬರೀರಿ ಅವನ ಹೆಸರು" ಅಂದೆ,
"ಬಾಜೂಕ ಇನ್ನೊಂದು ಕಾಲಂ ಎಳೀರಿ, ಕಾಲಿನ ಖರ್ಚು.
ಕಪ್ ಬರಲಿ, ಬಿಡಲಿ."

ಪಟೇಲ ಲೆಕ್ಕದ ಬುಕ್ಕು ಮುಚ್ಚಿದ. ತಗದ. ಮತ್ತ ಮುಚ್ಚಿದ.
ಚಹಾ ಗ್ಲಾಸು ಒಯ್ಲಾಕ ಬಂದ ನಿಂಗಣ್ಣ
ಎಲ್ಲಾ ಕೇಳಿಸಿಕೊಂಡಿದ್ದ ಅಂತ ಕಾಣ್ತದ;
ಬಗ್ಗಿ ಎಣಿಸಿದ, ಆರು,
"ಒಂದು ಬಿರುಕು ಬಿಟ್ಟದ, ನೋಡಿ ಹಿಡೀರಿ" ಅಂದ, ಹ್ವಾದ.

ಪಟೇಲ ಸ್ಕೇಲು ಕೇಳಿದ. ಗೆರಿ ಸೀದಾ ಬಂತು.
ಮ್ಯಾಲ "ಕಾಲು" ಅಂತ ಬರದ.
ಕೆಳಗ ಎಷ್ಟು ಅಂತ
ಬರೀಲಿಲ್ಲ.